ಆರೈಕೆಯ ಕೈ, ಸೋಂಕಿನ ದಾರಿ

ಒಂದು ಕಾಯಿಲೆಗೆಂದು ಆಸ್ಪತ್ರೆ ಸೇರಿದವರು ಇನ್ನೊಂದನ್ನು ಹತ್ತಿಸಿಕೊಂಡು ಮನೆಗೆ ಹೋದರೆ ಅದಕ್ಕೆ ಆಸ್ಪತ್ರೆ ಸೋಂಕು ಎಂದು ಹೆಸರು. ಹೊಲಿಗೆ ಹಾಕಿದ ಗಾಯ ಕೀವು ತುಂಬುವುದು, ಮೂತ್ರದ ನಳಿಕೆ ಇಟ್ಟ ನಾಲ್ಕನೆಯ ದಿನ ಚಳಿಜ್ವರ ಬರುವುದು, ಸಲಾಯಿನ್ ಹಚ್ಚಿದ ಜಾಗ ಕೆಂಪೇರಿ ಬಾತುಕೊಳ್ಳುವುದು ಇವೆಲ್ಲ ಅದರ ಸಾಮಾನ್ಯ ರೂಪಗಳು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ವರದಿಯ ಪ್ರಕಾರ ಶ್ರೀಮಂತ ದೇಶಗಳ ಆಸ್ಪತ್ರೆಗಳಲ್ಲಿ ದಾಖಲಾದ 100 ರೋಗಿಗಳಲ್ಲಿ 7 ಮಂದಿಗೆ, ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 15 ಮಂದಿಗೆ ಹೀಗೆ ಕನಿಷ್ಠ ಒಂದು ಸೋಂಕು ತಗಲುತ್ತದೆ. ಇದು ಒಂದೇ ದಿಕ್ಕಿನಲ್ಲಿ ಹೋಗುವುದಿಲ್ಲ. ರೋಗಿಯಿಂದ ಸಿಸ್ಟರಿಗೆ, ಸಿಸ್ಟರಿಂದ ಪಕ್ಕದ ಹಾಸಿಗೆಗೆ, ಅಲ್ಲಿಂದ ರೋಗಿಯನ್ನು ನೋಡಿಕೊಳ್ಳಲು ಕುಳಿತ ಮನೆಯವರಿಗೆ ಹರಿಯುತ್ತದೆ. ಇದನ್ನು ತಡೆಯುವ ಕ್ರಮಗಳನ್ನೆಲ್ಲ ಕೂಡಿಸಿ ಸೋಂಕು ನಿಯಂತ್ರಣ ಎನ್ನುತ್ತಾರೆ. ಅದರಲ್ಲಿ ದುಬಾರಿ ಯಂತ್ರಗಳ ಪಾಲು ಸಣ್ಣದು. ಯಾವ ಕೆಲಸದ ಹಿಂದೆ ಯಾವ ಕೆಲಸ ಮಾಡಬೇಕು ಎಂಬ ಶಿಸ್ತಿನ ಪಾಲೇ ದೊಡ್ಡದು.

ಸೋಲಾಪುರ ಜಿಲ್ಲೆಯ ಅಕ್ಕಲಕೋಟ ತಾಲ್ಲೂಕಿನ ಹನ್ನೂರಿನಂಥ ಊರಿನಲ್ಲಿ ಕಬ್ಬು ಕಡಿಯುವಾಗ ಕಾಲಿಗೆ ಕೊಯ್ತಾ ಕತ್ತಿ ಬಿದ್ದ ಒಬ್ಬ ರೈತನ ದಾರಿ ಹಿಡಿದರೆ ವಿಷಯ ಬೇಗ ಅರ್ಥವಾಗುತ್ತದೆ. ಮೊದಲು ಮನೆಯವರು ಗಾಯಕ್ಕೆ ಅರಿಷಿಣ ಒತ್ತಿ ಬಟ್ಟೆ ಕಟ್ಟುತ್ತಾರೆ. ಊರಿನ ಖಾಸಗಿ ದವಾಖಾನೆಯಲ್ಲಿ ಪಟ್ಟಿ ಬೀಳುತ್ತದೆ. ಬಾವು ಇಳಿಯದಿದ್ದರೆ ಅಕ್ಕಲಕೋಟದ ಗ್ರಾಮೀಣ ರುಗ್ಣಾಲಯ, ಅಲ್ಲೂ ಆಗದಿದ್ದರೆ ಸುಮಾರು 40 ಕಿಲೋಮೀಟರ್ ದೂರದ ಸೋಲಾಪುರದ ‘ಸಿವಿಲ್’. ಛತ್ರಪತಿ ಶಿವಾಜಿ ಮಹಾರಾಜ ಸರ್ವೋಪಚಾರ ರುಗ್ಣಾಲಯ ಎಂಬ ಉದ್ದದ ಹೆಸರು ಫಲಕದ ಮೇಲಷ್ಟೇ, ಜನರ ಬಾಯಲ್ಲಿ ಅದು ಸಿವಿಲ್. 1963ರಲ್ಲಿ ಶುರುವಾದ ಡಾ. ವೈಶಂಪಾಯನ ಸ್ಮಾರಕ ವೈದ್ಯಕೀಯ ಕಾಲೇಜಿಗೆ ಸೇರಿದ ಆಸ್ಪತ್ರೆ ಅದು. ಈ ದಾರಿಯಲ್ಲಿ ಆ ಒಂದು ಕಾಲನ್ನು ಮುಟ್ಟುವ ಕೈಗಳನ್ನು ಎಣಿಸಬಹುದು: ಆಂಬುಲೆನ್ಸಿನವನು, ಸ್ಟ್ರೆಚರ್ ತಳ್ಳುವ ಮಾಮಾ, ಹಾಸಿಗೆ ಬದಲಿಸುವ ಮಾವಶಿ, ರಕ್ತ ತೆಗೆಯುವವರು, ಎಕ್ಸ್‌ರೇಯವರು, ಡ್ರೆಸ್ಸಿಂಗ್ ಮಾಡುವ ಸಿಸ್ಟರ್, ಬೆಳಿಗ್ಗೆ ರೌಂಡಿಗೆ ಬರುವ ವೈದ್ಯರ ದಂಡು. ಎರಡು ದಿನದಲ್ಲಿ ಇಪ್ಪತ್ತು ಕೈ ದಾಟಿದರೆ ಹೆಚ್ಚೇನಲ್ಲ. ಅದರಲ್ಲಿ ಒಂದು ಕೈ ಹಿಂದಿನ ರೋಗಿಯ ಕೀವನ್ನು ಹೊತ್ತು ಬಂದಿದ್ದರೆ ಸಾಕು.

ಪಠ್ಯಪುಸ್ತಕಗಳು ಇದನ್ನು ಆರು ಕೊಂಡಿಗಳ ಸರಪಳಿಯಾಗಿ ಹೇಳುತ್ತವೆ. ರೋಗಾಣು ಮೊದಲ ಕೊಂಡಿ. ಅದು ಮನೆಮಾಡಿಕೊಂಡ ಜಾಗ ಎರಡನೆಯದು, ಮನುಷ್ಯನ ಮೂಗಿರಬಹುದು, ಸಿಂಕಿನ ಕೊಳವೆಯಿರಬಹುದು. ಹೊರಬೀಳುವ ಬಾಗಿಲು, ಸಾಗುವ ಮಾರ್ಗ, ಒಳಹೊಗುವ ಬಾಗಿಲು ಮುಂದಿನ ಮೂರು. ಕೊನೆಯದು ತಡೆದುಕೊಳ್ಳಲಾರದ ದೇಹ. ಆರರಲ್ಲಿ ಎಲ್ಲಿ ಕಡಿದರೂ ಸರಪಳಿ ಹರಿಯುತ್ತದೆ. ಆದರೆ ರೋಗಾಣುವನ್ನು ನಿರ್ಮೂಲ ಮಾಡುವುದು ಆಸ್ಪತ್ರೆಯ ಕೈಲಿಲ್ಲ. ಎಂಬತ್ತರ ಅಜ್ಜಿಗೆ, ಸಕ್ಕರೆ ಕಾಯಿಲೆಯವರಿಗೆ, ಅವಧಿಗೆ ಮೊದಲೇ ಹುಟ್ಟಿದ ಕೂಸಿಗೆ ರಾತ್ರೋರಾತ್ರಿ ತಾಕತ್ತು ತುಂಬಲೂ ಆಗದು. ಸಿಬ್ಬಂದಿಯ ಹಿಡಿತಕ್ಕೆ ಚೆನ್ನಾಗಿ ಸಿಗುವುದು ನಡುವಿನ ಕೊಂಡಿ, ಸಾಗುವ ಮಾರ್ಗ. ಸೋಂಕು ನಿಯಂತ್ರಣದ ಬಹುಪಾಲು ಪಾಠ ಅದೊಂದರ ಸುತ್ತಲೇ ಬೆಳೆದಿದೆ.

ಆ ಮಾರ್ಗದಲ್ಲಿ ಎಲ್ಲಕ್ಕಿಂತ ರೂಢಿಯದ್ದು ಕೈ. ಇದನ್ನು ಮೊದಲು ಅಂಕಿಗಳಲ್ಲಿ ತೋರಿಸಿದವನು ವಿಯೆನ್ನಾದ ಹೆರಿಗೆ ಆಸ್ಪತ್ರೆಯ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್. ಅಲ್ಲಿ ಎರಡು ವಿಭಾಗಗಳಿದ್ದವು. ಸೂಲಗಿತ್ತಿಯರು ನೋಡುತ್ತಿದ್ದ ವಿಭಾಗಕ್ಕಿಂತ ವೈದ್ಯ ವಿದ್ಯಾರ್ಥಿಗಳ ವಿಭಾಗದಲ್ಲಿ ಬಾಣಂತಿ ಜ್ವರದ ಸಾವು ಹಲವು ಪಟ್ಟು ಹೆಚ್ಚು. 1847ರ ಮಾರ್ಚ್‌ನಲ್ಲಿ ಅವನ ಸ್ನೇಹಿತ, ವೈದ್ಯ ಕೊಲೆಟ್ಸ್ಕಾ, ಶವ ಪರೀಕ್ಷೆಯ ವೇಳೆ ಚಾಕು ತಗಲಿ ತೀರಿಕೊಂಡ. ಅವನ ದೇಹದಲ್ಲಿ ಕಂಡದ್ದು ಬಾಣಂತಿಯರನ್ನು ಕೊಲ್ಲುತ್ತಿದ್ದ ಕಾಯಿಲೆಯ ಗುರುತುಗಳೇ. ಶವ ಕೊಯ್ದ ಕೈಯಲ್ಲೇ ವಿದ್ಯಾರ್ಥಿಗಳು ಹೆರಿಗೆ ಕೋಣೆಗೆ ಬರುತ್ತಾರೆ ಎಂಬುದು ಸೆಮ್ಮೆಲ್‌ವೈಸನಿಗೆ ಆಗ ಹೊಳೆಯಿತು. ಮೇ ತಿಂಗಳಿಂದ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಇಳಿಯಿತು. ರೋಗಾಣು ಎಂಬ ಕಲ್ಪನೆಯೇ ಇನ್ನೂ ನೆಲೆಯೂರಿರದ ಕಾಲ ಅದು. ತಮ್ಮ ಕೈಯೇ ಸಾವಿಗೆ ಕಾರಣ ಎಂಬ ಮಾತನ್ನು ಅನೇಕ ಹಿರಿಯ ವೈದ್ಯರು ಸಹಿಸಲಿಲ್ಲ. ಆ ಅಸಹನೆ ಇಂದಿಗೂ ಪೂರ್ತಿ ಹೋಗಿಲ್ಲ. ‘ಸಾಹೇಬ್ರ, ಕೈ ತೊಳ್ಕೊಂಡ್ರೇನ್ರಿ?’ ಎಂದು ಹಿರಿಯ ವೈದ್ಯರನ್ನು ಕೇಳುವ ಧೈರ್ಯ ಎಷ್ಟು ವಾರ್ಡುಗಳ ಕಿರಿಯ ಸಿಸ್ಟರುಗಳಿಗಿದೆ ಎಂದು ನೋಡಿದರೆ ಆ ಆಸ್ಪತ್ರೆಯ ಸ್ಥಿತಿ ತಿಳಿಯುತ್ತದೆ.

ಕೈ ಯಾವಾಗ ತೊಳೆಯಬೇಕು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಐದು ಸಂದರ್ಭಗಳನ್ನು ಗುರುತಿಸಿತು. ರೋಗಿಯನ್ನು ಮುಟ್ಟುವ ಮುನ್ನ. ಸೂಜಿ, ನಳಿಕೆ, ಡ್ರೆಸ್ಸಿಂಗ್‌ನಂಥ ಶುದ್ಧ ಕೆಲಸಕ್ಕೆ ಮುನ್ನ. ರಕ್ತ, ಮಲ, ಮೂತ್ರ, ಕಫ ತಗಲಿರಬಹುದಾದ ಕೆಲಸದ ಬಳಿಕ. ರೋಗಿಯನ್ನು ಮುಟ್ಟಿದ ಬಳಿಕ. ರೋಗಿಯ ಸುತ್ತಲಿನ ಮಂಚ, ಮೇಜು, ಸಲಾಯಿನ್ ಸ್ಟ್ಯಾಂಡ್ ಮುಟ್ಟಿದ ಬಳಿಕ. ಮೊದಲೆರಡು ರೋಗಿಯ ರಕ್ಷಣೆಗೆ, ಉಳಿದ ಮೂರು ಮುಖ್ಯವಾಗಿ ಕೆಲಸ ಮಾಡುವವರ ಮತ್ತು ಮುಂದಿನ ರೋಗಿಯ ರಕ್ಷಣೆಗೆ. ‘ಬಳಿಕ’ ತೊಳೆಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಹೇಸಿಗೆಯೇ ಕಲಿಸುತ್ತದೆ. ತಪ್ಪುವುದು ‘ಮುನ್ನ’ದ ಎರಡು, ಏಕೆಂದರೆ ಆಗ ಕೈ ಕಣ್ಣಿಗೆ ಸ್ವಚ್ಛವಾಗಿಯೇ ಕಾಣುತ್ತದೆ. ‘ಬಳಿಕ’ದವುಗಳಲ್ಲಿ ಐದನೆಯದನ್ನು ಮಾತ್ರ ಬಹುತೇಕರು ಲೆಕ್ಕಕ್ಕೇ ಹಿಡಿಯುವುದಿಲ್ಲ: ರೋಗಿಯನ್ನು ಮುಟ್ಟಿಲ್ಲ, ಮಂಚದ ಸರಳು ಹಿಡಿದು ಮಾತಾಡಿದ್ದಷ್ಟೇ.

ಕೈ ಕಣ್ಣಿಗೆ ಕಾಣುವಂತೆ ಹೊಲಸಾಗಿದ್ದರೆ ಸಾಬೂನು ನೀರು, ತೊಳೆದು ಒರೆಸುವವರೆಗೆ 40ರಿಂದ 60 ಸೆಕೆಂಡು. ಹಾಗೆ ಕಾಣದಿದ್ದರೆ ಆಲ್ಕೋಹಾಲ್ ದ್ರವ, ಕೈ ಒಣಗುವವರೆಗೆ 20ರಿಂದ 30 ಸೆಕೆಂಡು. ಅಂಗೈ, ಮುಂಗೈ, ಬೆರಳ ಸಂದು, ಹೆಬ್ಬೆರಳು, ಉಗುರ ತುದಿ ಎಲ್ಲಕ್ಕೂ ತಗಲಬೇಕು. ಅವಸರದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಹೆಬ್ಬೆರಳು ಮತ್ತು ಉಗುರ ತುದಿ, ಗಾಯವನ್ನು ಮುಟ್ಟುವುದೂ ಅವೇ. ಭೇದಿಯ ಕೆಲವು ರೋಗಾಣುಗಳ ಬೀಜಕಗಳಿಗೆ ಆಲ್ಕೋಹಾಲ್ ನಾಟುವುದಿಲ್ಲ. ಭೇದಿ ರೋಗಿಯ ಆರೈಕೆ ಮಾಡಿದ ಮೇಲೆ ಸಾಬೂನು ನೀರೇ ಬೇಕು.

ನೀರು ಎಂದು ಬರೆಯುವುದು ಸುಲಭ. ಉಜನಿ ಅಣೆಕಟ್ಟಿನ ನೀರು ಕುಡಿಯುವ ಸೋಲಾಪುರ ನಗರಕ್ಕೆ ನಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ ಬಂದ ವರ್ಷಗಳು ಎಷ್ಟೋ. ಅಕ್ಕಲಕೋಟ ಕಡೆಯ ಹಳ್ಳಿಗಳಲ್ಲಿ ಬೇಸಿಗೆಗೆ ಟ್ಯಾಂಕರ್ ಬರುವುದು ಹೊಸತೇನಲ್ಲ. ಅಂಥಲ್ಲಿ ದವಾಖಾನೆಯ ಮೂಲೆಯಲ್ಲಿ ಒಂದು ಬಕೆಟ್, ಅದರೊಳಗೆ ತೇಲುವ ಚೊಂಬು ಇರುತ್ತದೆ. ಪ್ರತಿಯೊಬ್ಬರ ಕೈಯೂ ಚೊಂಬಿನೊಂದಿಗೆ ನೀರಿಗಿಳಿದು ಬರುತ್ತದೆ, ಸಂಜೆಯ ಹೊತ್ತಿಗೆ ಆ ನೀರು ತೊಳೆಯುವುದಕ್ಕಿಂತ ಹಂಚುವುದೇ ಹೆಚ್ಚು. ಮುಚ್ಚಳವಿರುವ ಡಬ್ಬಕ್ಕೆ ಕೆಳಗೊಂದು ನಳ ಕೂಡಿಸಿದರೆ ತೊಂದರೆ ಅಲ್ಲಿಗೇ ನಿಲ್ಲುತ್ತದೆ. ಖರ್ಚು ಹೆಚ್ಚೇನಲ್ಲ. ನೀರಿನ ಬರ ಇರುವ ಕಡೆ ಆಲ್ಕೋಹಾಲ್ ದ್ರವ ಹೆಚ್ಚು ಬೆಲೆಬಾಳುತ್ತದೆ. ಇಥೆನಾಲ್‌ಗೆ ಸ್ವಲ್ಪ ಗ್ಲಿಸರಿನ್, ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿ, ಇಥೆನಾಲ್ 80 ಪ್ರತಿಶತ ಇರುವಂತೆ ಆಸ್ಪತ್ರೆಯ ಔಷಧ ವಿಭಾಗದಲ್ಲೇ ತಯಾರಿಸುವ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದೆ. ಅದರ ಬಾಟಲಿ ಕಪಾಟಿನಲ್ಲಿ ಬೀಗದೊಳಗಿರಬಾರದು, ಮಂಚದ ಕಾಲ ಹತ್ತಿರ ಇರಬೇಕು.

ತೊಳೆದ ಕೈ ಒರೆಸುವುದು ಯಾವುದರಿಂದ ಎಂಬ ಪ್ರಶ್ನೆ ಟವೆಲ್ಲಿನ ಊರಾದ ಸೋಲಾಪುರದಲ್ಲಿ ತಮಾಷೆಯಾಗಿ ಕೇಳಿಸಬಹುದು. ಇಲ್ಲಿಯ ಚಾದರಕ್ಕೂ ಟೆರಿ ಟವೆಲ್ಲಿಗೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಆದರೆ ಸಿಂಕಿನ ಪಕ್ಕದ ಮೊಳೆಗೆ ಬೆಳಗಿನಿಂದ ನೇತಾಡುವ ಒಂದೇ ಹಸಿ ಟವೆಲ್ಲು ಕೈ ತೊಳೆದದ್ದನ್ನೆಲ್ಲ ವ್ಯರ್ಥ ಮಾಡುತ್ತದೆ. ಒಬ್ಬರಿಗೆ ಒಮ್ಮೆ ಎಂಬಂತೆ ಸಣ್ಣ ಬಟ್ಟೆ ತುಂಡುಗಳನ್ನು ಒಗೆದು ಒಣಗಿಸಿಟ್ಟುಕೊಳ್ಳಬಹುದು, ಇಲ್ಲವೆ ಗಾಳಿಗೆ ಆರಲು ಬಿಡಬಹುದು. ಉಂಗುರ, ಗಡಿಯಾರ, ಬಳೆಗಳ ಕೆಳಗೂ ರೋಗಾಣು ಉಳಿಯುತ್ತದೆ. ಹಸಿರು ಗಾಜಿನ ಬಳೆ ಮುತ್ತೈದೆತನದ ಗುರುತಾಗಿರುವ ಈ ಸೀಮೆಯಲ್ಲಿ ‘ಬಳೆ ತೆಗೆಯಿರಿ’ ಎಂಬ ಸುತ್ತೋಲೆ ಗೋಡೆಯ ಮೇಲೇ ಉಳಿಯುತ್ತದೆ. ಬಳೆಯನ್ನು ಮೊಣಕೈವರೆಗೆ ಏರಿಸಿ ಕಟ್ಟಿಕೊಳ್ಳಲು ಹೇಳುವ ಹಿರಿಯ ಸಿಸ್ಟರ್ ಹೆಚ್ಚು ಕೆಲಸ ಸಾಧಿಸುತ್ತಾಳೆ.

ಯಾರು ‘ಅಪಾಯದ ರೋಗಿ’?

ಏಡ್ಸ್ ಬಂದ ಹೊಸತರಲ್ಲಿ, 1980ರ ದಶಕದ ನಡುವೆ, ರಕ್ತದ ಬಗ್ಗೆ ಎಲ್ಲ ರೋಗಿಗಳಲ್ಲೂ ಒಂದೇ ಎಚ್ಚರಿಕೆ ವಹಿಸಬೇಕು ಎಂಬ ನಿಯಮ ಅಮೆರಿಕದಲ್ಲಿ ರೂಪುಗೊಂಡಿತು. 1996ರಲ್ಲಿ ಅದು ಬೆವರೊಂದನ್ನು ಬಿಟ್ಟು ದೇಹದ ಎಲ್ಲ ದ್ರವಗಳಿಗೂ, ಒಡೆದ ಚರ್ಮಕ್ಕೂ ವಿಸ್ತರಿಸಿ ‘ಪ್ರಮಾಣಿತ ಮುನ್ನೆಚ್ಚರಿಕೆ’ ಎನಿಸಿಕೊಂಡಿತು. ಇದರ ಹಿಂದಿನ ತರ್ಕ ಸರಳ. ಯಾರ ಮೈಯಲ್ಲಿ ಏನಿದೆ ಎಂದು ಮುಖ ನೋಡಿ ಹೇಳಲಾಗದು. ಹೆಪಟೈಟಿಸ್ ಬಿ ಹೊತ್ತು ತಿರುಗುವ ಅನೇಕರಿಗೆ ಅದರ ಸುಳಿವೇ ಇರುವುದಿಲ್ಲ. ಪರೀಕ್ಷೆಯ ವರದಿ ಬರುವ ಮೊದಲೇ ಹೆರಿಗೆ ಆಗಿಬಿಡುತ್ತದೆ.

ಆದರೂ ವರದಿಯಲ್ಲಿ ‘ಪಾಸಿಟಿವ್’ ಬಂದವರ ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ಬರೆಯುವ, ಅವರಿಗೆ ಎರಡು ಜೊತೆ ಗ್ಲೌಸ್ ಹಾಕಿಕೊಂಡು ಉಳಿದವರಿಗೆ ಬರಿಗೈಯಲ್ಲೇ ಸೂಜಿ ಮಾಡುವ ಅಭ್ಯಾಸ ಇನ್ನೂ ಹಲವು ಕಡೆ ಜೀವಂತವಾಗಿದೆ. ಅದರಿಂದ ಎರಡು ಹಾನಿ. ಗೊತ್ತಿರುವ ಒಬ್ಬರಿಗೆ ಅವಮಾನ, ಗೊತ್ತಿಲ್ಲದ ಹತ್ತು ಜನರ ವಿಷಯದಲ್ಲಿ ಮೈಮರೆವು. ಎಚ್ಚರಿಕೆಯನ್ನು ಅಳೆಯಬೇಕಾದದ್ದು ರೋಗಿಯಿಂದಲ್ಲ, ಮಾಡಲಿರುವ ಕೆಲಸದಿಂದ. ರಕ್ತ ಕೈಗೆ ತಗಲುವಂತಿದ್ದರೆ ಗ್ಲೌಸ್, ಮುಖಕ್ಕೆ ಸಿಡಿಯುವಂತಿದ್ದರೆ ಕನ್ನಡಕ ಮತ್ತು ಮಾಸ್ಕ್, ಬಟ್ಟೆಗೆ ಹರಿಯುವಂತಿದ್ದರೆ ಏಪ್ರನ್. ಬರೀ ನಾಡಿ ನೋಡುವುದಕ್ಕೆ ಇವಾವುವೂ ಬೇಡ, ತೊಳೆದ ಕೈ ಸಾಕು.

ಗ್ಲೌಸಿನ ಬಗ್ಗೆ ಒಂದು ತಪ್ಪು ನಂಬಿಕೆ ಗಟ್ಟಿಯಾಗಿ ಕೂತಿದೆ: ಹಾಕಿಕೊಂಡರೆ ಕೈ ತೊಳೆಯಬೇಕಿಲ್ಲ ಎಂದು. ಗ್ಲೌಸಿನಲ್ಲಿ ಕಣ್ಣಿಗೆ ಕಾಣದ ತೂತುಗಳಿರಬಹುದು, ಬಿಚ್ಚುವಾಗ ಹೊರಮೈ ಕೈಗೆ ತಗಲುತ್ತದೆ. ಒಂದೇ ಜೊತೆಯಲ್ಲಿ ಸಾಲು ಮಂಚಗಳನ್ನು ಸುತ್ತಿ ಬಂದರೆ ಅದು ಬರಿಗೈಗಿಂತ ಕೆಟ್ಟದ್ದು, ಏಕೆಂದರೆ ಬರಿಗೈಗೆ ಅಂಟಿದ್ದು ಅರಿವಿಗೆ ಬಂದು ತೊಳೆಯಬೇಕು ಅನ್ನಿಸುತ್ತದೆ, ಗ್ಲೌಸಿಗೆ ಅಂಟಿದ್ದು ಅರಿವಿಗೇ ಬರುವುದಿಲ್ಲ. ಒಬ್ಬ ರೋಗಿಗೆ ಒಂದು ಜೊತೆ. ಒಬ್ಬರಲ್ಲೇ ಹೊಲಸು ಭಾಗದಿಂದ ಶುದ್ಧ ಭಾಗಕ್ಕೆ ಹೋಗುವಾಗಲೂ ಹೊಸ ಜೊತೆ. ರಕ್ಷಣಾ ಉಡುಪು ತೊಡುವಾಗ ಗೌನು, ಮಾಸ್ಕ್, ಕನ್ನಡಕ, ಕೊನೆಗೆ ಗ್ಲೌಸ್. ತೆಗೆಯುವಾಗ ಹೆಚ್ಚು ಹೊಲಸಾದ ಗ್ಲೌಸ್ ಮೊದಲು, ಕೋಣೆಯಿಂದ ಹೊರಬಂದ ಮೇಲೆ ಮಾಸ್ಕ್ ಕೊನೆಗೆ, ನಡುವೆಯೂ ಅಂತ್ಯದಲ್ಲೂ ಕೈಶುದ್ಧಿ. ಕೋವಿಡ್ ವರ್ಷಗಳಲ್ಲಿ ಈ ಉಡುಪು ತೊಡುವ ಚಿತ್ರಗಳನ್ನು ಊರೆಲ್ಲ ನೋಡಿತು. ಸೋಂಕು ತಗಲುವ ಸಂದರ್ಭ ಮಾತ್ರ ಬಿಚ್ಚುವಾಗಲೇ ಹೆಚ್ಚು.

ಗಾಳಿಯಲ್ಲಿ ಸಾಗುವ ರೋಗಗಳಿಗೆ ಕೈ ತೊಳೆದರೆ ಸಾಲದು. ಕ್ಷಯ, ದಡಾರ, ಸಿಡುಬಿನ ತಂಗಿಯಂತಿರುವ ಚಿಕನ್‌ಪಾಕ್ಸ್ ಇವುಗಳ ಕಣಗಳು ಕೋಣೆಯಲ್ಲಿ ಗಂಟೆಗಟ್ಟಲೆ ತೇಲಬಲ್ಲವು. ಫ್ಲೂ, ನಾಯಿಕೆಮ್ಮು, ಗಂಟಲಮಾರಿಗಳವು ಹೆಚ್ಚಾಗಿ ಹತ್ತಿರದಲ್ಲೇ ಬೀಳುತ್ತವೆ. ಇವೆರಡರ ನಡುವಿನ ಗೆರೆ ಹಿಂದೆ ಅಂದುಕೊಂಡಷ್ಟು ಸ್ಪಷ್ಟವಲ್ಲ ಎಂದು ಕೋವಿಡ್ ಕಲಿಸಿತು, 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಪರಿಭಾಷೆಯನ್ನೇ ಬದಲಿಸಿತು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದವರು. ಆದ್ದರಿಂದ ಹೊರರೋಗಿಗಳ ಸಾಲಿನಲ್ಲಿ ಎರಡು ವಾರದಿಂದ ಕೆಮ್ಮುತ್ತಿರುವವರನ್ನು ಮೊದಲೇ ಗುರುತಿಸಿ, ಮಾಸ್ಕ್ ಕೊಟ್ಟು, ಬೇರೆ ಕೂಡಿಸಿ, ಬೇಗ ನೋಡಿ ಕಳಿಸುವುದು ಯಾವ ಎನ್95ಗಿಂತ ಕಡಿಮೆಯಲ್ಲ. ಎನ್95 ಕೂಡ ಮುಖಕ್ಕೆ ಬಿಗಿಯಾಗಿ ಕೂತರೆ ಮಾತ್ರ ಹೆಸರಿಗೆ ತಕ್ಕಂತೆ ಸೋಸುತ್ತದೆ. ದಟ್ಟ ಗಡ್ಡದ ಮೇಲೆ ಅದು ಕೂರುವುದಿಲ್ಲ.

ಹಳೆಯ ಸರ್ಕಾರಿ ಕಟ್ಟಡಗಳ ಎತ್ತರದ ಛಾವಣಿ, ಎದುರುಬದುರು ಕಿಟಕಿ, ಮೇಲಿನ ಗವಾಕ್ಷಿಗಳು ಸುಮ್ಮನೆ ಇಟ್ಟವಲ್ಲ. ಕೋಣೆಯ ಗಾಳಿ ಬೇಗ ಬೇಗ ಬದಲಾಗುವಂತೆ ಮಾಡುವ ಅಗ್ಗದ ಉಪಾಯ ಅದೇ. ನಲವತ್ತು ಡಿಗ್ರಿ ದಾಟುವ ಸೋಲಾಪುರದ ಬೇಸಿಗೆಯಲ್ಲಿ ಬಿಸಿಗಾಳಿಗೆ ಹೆದರಿ ಕಿಟಕಿ ಮುಚ್ಚುತ್ತಾರೆ, ಹೊಸ ಕಟ್ಟಡಗಳಲ್ಲಿ ಎಸಿಗಾಗಿ ಮುಚ್ಚುತ್ತಾರೆ. ಕೆಮ್ಮುವವರಿರುವ ಕೋಣೆಯಲ್ಲಿ ಎರಡೂ ತಪ್ಪು. ಕುರ್ಚಿ ಹಾಕುವಾಗ ಗಾಳಿ ವೈದ್ಯರ ಬೆನ್ನ ಕಡೆಯಿಂದ ಬಂದು ರೋಗಿಯನ್ನು ದಾಟಿ ಹೊರಹೋಗುವಂತೆ ನೋಡಿಕೊಳ್ಳುವುದಕ್ಕೆ ಒಂದು ಪೈಸೆಯೂ ಬೇಡ.

ಕುದಿಸಿದರೆ ಸಾಕೆ?

ಉಪಕರಣಗಳ ಶುದ್ಧಿಗೆ ಅಮೆರಿಕದ ಅರ್ಲ್ ಸ್ಪಾಲ್ಡಿಂಗ್ 1968ರಲ್ಲಿ ಕೊಟ್ಟ ವಿಂಗಡಣೆ ಈಗಲೂ ನಡೆಯುತ್ತಿದೆ. ಚರ್ಮ ಸೀಳಿ ಒಳಹೋಗುವ ಕತ್ತರಿ, ಚಿಮಟಿಗಳಲ್ಲಿ ಒಂದು ರೋಗಾಣುವೂ, ಒಂದು ಬೀಜಕವೂ ಉಳಿಯಬಾರದು. ಬಾಯಿ, ಗಂಟಲಿನ ಒಳಪೊರೆಯನ್ನು ಮುಟ್ಟುವವಕ್ಕೆ ಉನ್ನತ ಮಟ್ಟದ ಸೋಂಕುನಿವಾರಣೆ ಬೇಕು. ಸ್ಟೆತಾಸ್ಕೋಪು, ಬಿಪಿ ಪಟ್ಟಿಯಂಥವನ್ನು ಒರೆಸಿದರೆ ಸಾಕು. (ಆ ಬಿಪಿ ಪಟ್ಟಿಯನ್ನು ಕೊಂಡ ದಿನದಿಂದ ಒಮ್ಮೆಯೂ ಒರೆಸಿರುವುದಿಲ್ಲ, ಅದು ಬೇರೆ ಮಾತು.)

ಇಪ್ಪತ್ತೊಂದನೆಯ ಶತಮಾನದಲ್ಲೂ ‘ನೀರಿನಲ್ಲಿ ಕುದಿಸಿದ್ದೇವೆ’ ಎಂಬ ಮಾತು ಸಣ್ಣ ದವಾಖಾನೆಗಳಲ್ಲಿ ಕೇಳುತ್ತದೆ. ಕುದಿಯುವ ನೀರು ಬಹಳಷ್ಟು ರೋಗಾಣುಗಳನ್ನು ಕೊಲ್ಲುತ್ತದೆ, ಆದರೆ ಧನುರ್ವಾಯುವಿನಂಥವುಗಳ ಬೀಜಕ ಅದರಿಂದ ಖಂಡಿತವಾಗಿ ಸಾಯುತ್ತದೆ ಎನ್ನಲಾಗದು. ಅವಕ್ಕೆ ಒತ್ತಡದ ಹಬೆ ಬೇಕು: 121 ಡಿಗ್ರಿ ಸೆಲ್ಸಿಯಸ್, ಚದರ ಇಂಚಿಗೆ 15 ಪೌಂಡ್ ಒತ್ತಡ, ಬಟ್ಟೆ ಸುತ್ತಿದ ಕಟ್ಟಿಗೆ 30 ನಿಮಿಷ. ಆಟೋಕ್ಲೇವ್ ಮಾಡುವುದು ಇದನ್ನೇ, ಅಡುಗೆಮನೆಯ ಕುಕ್ಕರಿನ ಅಣ್ಣ ಅದು. ಕಟ್ಟುಗಳನ್ನು ಒತ್ತಿ ತುರುಕಿದರೆ ಹಬೆ ನಡುವಿಗೆ ಹೋಗದು. ಹೊರಗೆ ಅಂಟಿಸಿದ ಪಟ್ಟಿ ಕಪ್ಪು ಗೆರೆ ಮೂಡಿಸಿದರೆ ಬಿಸಿ ತಗಲಿತು ಎಂದಷ್ಟೇ ಅರ್ಥ, ಒಳಗಿನದು ಶುದ್ಧವಾಯಿತು ಎಂದಲ್ಲ. ಎಲ್ಲಕ್ಕೂ ಮೊದಲು ಉಪಕರಣವನ್ನು ಬ್ರಷ್ ಹಾಕಿ ತಿಕ್ಕಿ ತೊಳೆದಿರಬೇಕು. ಒಣಗಿದ ರಕ್ತದ ಪದರದ ಕೆಳಗೆ ಹಬೆಯೂ ರಾಸಾಯನಿಕವೂ ಸರಿಯಾಗಿ ಮುಟ್ಟುವುದಿಲ್ಲ.

ಇಂಥ ಒಂದು ಸಣ್ಣ ತಪ್ಪಿಗೆ ತೆತ್ತ ಬೆಲೆ ಪ್ಲೇಗಿನ ಇತಿಹಾಸದಲ್ಲಿದೆ. ಸೋಲಾಪುರವೂ ಸೇರಿದ್ದ ಮುಂಬೈ ಪ್ರಾಂತಕ್ಕೆ 1896ರಲ್ಲಿ ಪ್ಲೇಗ್ ನುಗ್ಗಿದಾಗ ವಿಜ್ಞಾನಿ ವಾಲ್ಡೆಮಾರ್ ಹ್ಯಾಫ್ಕಿನ್ ಮುಂಬೈಯಲ್ಲೇ ಲಸಿಕೆ ತಯಾರಿಸಿದ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಅದನ್ನು ಚುಚ್ಚಿದರು. ಒಂದೇ ಬಾಟಲಿಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹ್ಯಾಫ್ಕಿನ್‌ನನ್ನು ಹುದ್ದೆಯಿಂದ ಇಳಿಸಿದರು. ವರ್ಷಗಳ ಮೇಲೆ ಬಯಲಾದದ್ದು ಇಷ್ಟು: ಬಾಟಲಿಯ ಬೂಚು ತೆಗೆಯುವ ಚಿಮಟಿ ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿ ಮಾಡದೆ ಮತ್ತೆ ಬಳಸಿದ್ದರು. 1907ರಲ್ಲಿ ಹ್ಯಾಫ್ಕಿನ್ ದೋಷಮುಕ್ತನಾದ, 1925ರಲ್ಲಿ ಮುಂಬೈ ಪರೇಲಿನ ಪ್ರಯೋಗಾಲಯಕ್ಕೆ ಅವನ ಹೆಸರಿಟ್ಟರು. ನೆಲಕ್ಕೆ ಬಿದ್ದದ್ದನ್ನು ಒರೆಸಿ ಎತ್ತಿಕೊಳ್ಳುವ ಆ ಅಭ್ಯಾಸ ಎಲ್ಲ ಚಿಕಿತ್ಸಾ ಕೋಣೆಗಳಿಂದ ಇನ್ನೂ ತೊಲಗಿಲ್ಲ.

ನೆಲ, ಹಾಸಿಗೆ, ಕಸದ ಕೆಲಸ ಮಾವಶಿ ಮತ್ತು ಮಾಮಾಗಳದ್ದು. ತರಬೇತಿಯ ಪಟ್ಟಿಯಲ್ಲಿ ಕಟ್ಟಕಡೆಗೆ ಬರುವವರೂ ಅವರೇ. ವಾರ್ಡಿನಲ್ಲಿ ಒಣ ಕಸಬರಿಗೆ ಆಡಿಸಿದರೆ ಧೂಳಿನೊಡನೆ ರೋಗಾಣುವೂ ಏಳುತ್ತದೆ, ಹಸಿ ಬಟ್ಟೆಯಲ್ಲೇ ಒರೆಸಬೇಕು. ಮೇಲಿನಿಂದ ಕೆಳಕ್ಕೆ, ಸ್ವಚ್ಛ ಜಾಗದಿಂದ ಹೊಲಸು ಜಾಗಕ್ಕೆ. ರೋಗಿಯ ಚಾದರವನ್ನು ಝಾಡಿಸದೆ ಒಳಮುಖವಾಗಿ ಸುತ್ತಿ ಮೈಯಿಂದ ದೂರ ಹಿಡಿದು ಒಯ್ಯಬೇಕು. ರಕ್ತ ಚೆಲ್ಲಿದರೆ ಗ್ಲೌಸ್ ಹಾಕಿ, ಮೇಲೆ ಹೀರುವ ಬಟ್ಟೆ ಹಾಕಿ, 1 ಪ್ರತಿಶತ ಹೈಪೋಕ್ಲೋರೈಟ್ ಸುರಿದು ಕನಿಷ್ಠ 10 ನಿಮಿಷ ಬಿಟ್ಟು ಎತ್ತಬೇಕು. ಬಾಟಲಿಯ ದ್ರಾವಣ 5 ಪ್ರತಿಶತದ್ದಾದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು. ದಿನವೂ ಹೊಸದಾಗಿ ಕಲಸಬೇಕು, ನಿನ್ನೆಯದು ಸತ್ವ ಕಳೆದುಕೊಂಡಿರುತ್ತದೆ. ಶೌಚಾಲಯದ ಆಸಿಡ್ಡನ್ನು ಇದರೊಂದಿಗೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ‘ಹೆಚ್ಚು ಸ್ವಚ್ಛವಾಗಲಿ’ ಎಂದು ಎರಡೂ ಸುರಿದು ಉಸಿರು ಕಟ್ಟಿಸಿಕೊಂಡವರಿದ್ದಾರೆ.

ಕಸಕ್ಕೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ನಾಲ್ಕು ಬಣ್ಣ ಕೊಟ್ಟಿವೆ. ರಕ್ತದ ಹತ್ತಿ, ಪಟ್ಟಿ, ದೇಹದ ಭಾಗ, ಅವಧಿ ಮುಗಿದ ಔಷಧ ಹಳದಿಗೆ. ಸಲಾಯಿನ್ ನಳಿಕೆ, ಮೂತ್ರದ ಚೀಲ, ಗ್ಲೌಸ್, ಸೂಜಿ ತೆಗೆದ ಸಿರಿಂಜು ಕೆಂಪಿಗೆ. ಸೂಜಿ, ಬ್ಲೇಡು ಚುಚ್ಚಿದರೆ ತೂತಾಗದ ಬಿಳಿ ಡಬ್ಬಕ್ಕೆ. ಗಾಜಿನ ಸೀಸೆ, ಆಂಪ್ಯೂಲ್ ನೀಲಿಗೆ. ಸಂಸ್ಕರಿಸದ ಕಸ 48 ಗಂಟೆಗಿಂತ ಹೆಚ್ಚು ಹೊತ್ತು ಆಸ್ಪತ್ರೆಯಲ್ಲಿ ಕೊಳೆಯುವಂತಿಲ್ಲ. ಕನ್ನಡ-ಮರಾಠಿ ಗಡಿನಾಡಾದ ಈ ಸೀಮೆಯಲ್ಲಿ ಈ ಬಣ್ಣಗಳಿಗೆ ಇನ್ನೊಂದು ಉಪಯೋಗವೂ ಇದೆ. ಗೋಡೆಯ ಫಲಕ ಮರಾಠಿಯಲ್ಲಿ, ಔಷಧದ ಪೊಟ್ಟಣ ಇಂಗ್ಲಿಷಿನಲ್ಲಿ, ಮಾವಶಿಯ ಮನೆಮಾತು ಕನ್ನಡ, ಒಮ್ಮೊಮ್ಮೆ ಆಕೆಗೆ ಯಾವ ಲಿಪಿಯೂ ಬಾರದು. ಬಣ್ಣಕ್ಕೆ ಲಿಪಿ ಬೇಡ. ಆದರೆ ಹಳದಿ ಏಕೆ, ಕೆಂಪು ಏಕೆ ಎಂಬುದನ್ನು ಆಕೆಯ ಮಾತಿನಲ್ಲೇ ಯಾರಾದರೂ ಒಮ್ಮೆ ಹೇಳಬೇಕು, ಇಲ್ಲದಿದ್ದರೆ ಹಳದಿ ಚೀಲದಲ್ಲಿ ಸೂಜಿ ಬಂದು ಚುಚ್ಚುವುದು ಆಕೆಯ ಕೈಗೇ.

ಸೂಜಿ ಈ ಸೀಮೆಯ ರೋಗಿಗಳಿಗೆ ಪ್ರಿಯವಾದದ್ದು. ‘ಗುಳಿಗಿ ಬ್ಯಾಡ್ರಿ, ಒಂದ್ ಸೂಜಿ ಮಾಡ್ರಿ’ ಎಂಬ ಬೇಡಿಕೆಗೆ ಮಣಿದು ಬೇಡದ ಸೂಜಿ ಚುಚ್ಚುವ ದವಾಖಾನೆಗಳು ಕಡಿಮೆಯಿಲ್ಲ. ಸೋಂಕು ನಿಯಂತ್ರಣದ ದೃಷ್ಟಿಯಲ್ಲಿ ಎಲ್ಲಕ್ಕಿಂತ ಸುರಕ್ಷಿತ ಸೂಜಿ ಎಂದರೆ ಚುಚ್ಚದೆ ಬಿಟ್ಟ ಸೂಜಿ. ಚುಚ್ಚಲೇಬೇಕಾದರೆ ಹೊಸ ಸೂಜಿ, ಹೊಸ ಸಿರಿಂಜು, ಒಬ್ಬರಿಗೆ ಒಂದೇ ಬಾರಿ. ಸೂಜಿ ಮಾತ್ರ ಬದಲಿಸಿ ಸಿರಿಂಜು ಉಳಿಸಿಕೊಂಡರೂ ರಕ್ತ ದಾಟುತ್ತದೆ. ಔಷಧದ ಸೀಸೆಯ ರಬ್ಬರಿನಲ್ಲಿ ಸೂಜಿ ನೆಟ್ಟು ಬಿಡುವುದು ರೋಗಾಣುವಿಗೆ ಬಾಗಿಲು ತೆರೆದಿಟ್ಟಂತೆ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಹೆಪಟೈಟಿಸ್ ಬಿ ಹಬ್ಬಿ ಅನೇಕರು ಸತ್ತಾಗ ತನಿಖೆ ಬೆರಳು ತೋರಿದ್ದು ಮರುಬಳಕೆಯ ಸಿರಿಂಜುಗಳತ್ತ.

ಚುಚ್ಚಿದ ಮೇಲೆ ಸೂಜಿಗೆ ಮತ್ತೆ ಟೊಪ್ಪಿಗೆ ಹಾಕಬಾರದು, ಬಗ್ಗಿಸಬಾರದು, ಮತ್ತೊಬ್ಬರ ಕೈಗೆ ಕೊಡಬಾರದು. ಚುಚ್ಚಿದವರೇ ಅಲ್ಲೇ ಕಟ್ಟರಿನಲ್ಲಿ ಕತ್ತರಿಸಿ ಡಬ್ಬಕ್ಕೆ ಹಾಕಬೇಕು, ಮುಕ್ಕಾಲು ತುಂಬಿದಾಗ ಡಬ್ಬ ಮುಚ್ಚಬೇಕು.

ಹರಿತವಾದದ್ದು ವೈದ್ಯನಿಗೇನು ಮಾಡಬಲ್ಲದು ಎಂಬುದಕ್ಕೆ ಸೋಲಾಪುರದೊಂದಿಗೆ ನಂಟಿರುವ ಒಂದು ಕಥೆಯಿದೆ. ಕೆನಡಾದ ಶಸ್ತ್ರವೈದ್ಯ ನಾರ್ಮನ್ ಬೆಥೂನ್ ಚೀನಾದ ಯುದ್ಧಭೂಮಿಯಲ್ಲಿ ಗಾಯಾಳು ಸೈನಿಕರಿಗೆ ಚಿಕಿತ್ಸೆ ಮಾಡುತ್ತಿದ್ದ. 1939ರ ಅಕ್ಟೋಬರ್ ಕೊನೆಯಲ್ಲಿ ಶಸ್ತ್ರಕ್ರಿಯೆ ಮಾಡುವಾಗ ಅವನ ಬೆರಳು ಕೊಯ್ದಿತು. ಗ್ಲೌಸ್ ಇರಲಿಲ್ಲ. ಕೆಲ ದಿನಗಳಲ್ಲೇ ಸೋಂಕಿತ ಗಾಯದ ಇನ್ನೊಬ್ಬ ಸೈನಿಕನಿಗೆ ಅದೇ ಕೈಯಲ್ಲಿ ಶಸ್ತ್ರಕ್ರಿಯೆ ಮಾಡಿದ. ನಂಜು ರಕ್ತಕ್ಕೇರಿತು. ಪೆನಿಸಿಲಿನ್ ಇನ್ನೂ ಔಷಧವಾಗಿ ಬಂದಿರಲಿಲ್ಲ. ನವೆಂಬರ್ 12ರಂದು ಬೆಥೂನ್ ತೀರಿಕೊಂಡ, ಆಗ ಅವನಿಗೆ 49. ಅವನ ಹೆಸರಿಟ್ಟ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಹೊಣೆಯನ್ನು 1941ರ ಜನವರಿಯಲ್ಲಿ ವಹಿಸಿಕೊಂಡವರು ಡಾ. ದ್ವಾರಕಾನಾಥ ಕೋಟ್ನೀಸ್. ಸೋಲಾಪುರದಲ್ಲಿ 1910ರಲ್ಲಿ ಹುಟ್ಟಿ, ಮುಂಬೈಯಲ್ಲಿ ವೈದ್ಯಕೀಯ ಓದಿ, 1938ರಲ್ಲಿ ಐವರು ಭಾರತೀಯ ವೈದ್ಯರ ತಂಡದಲ್ಲಿ ಚೀನಾಕ್ಕೆ ಹೋದವರು ಅವರು. 1942ರ ಡಿಸೆಂಬರ್ 9ರಂದು, 32ನೆಯ ವಯಸ್ಸಿನಲ್ಲಿ, ಮೂರ್ಛೆರೋಗದಿಂದ ಅಲ್ಲೇ ನಿಧನರಾದರು. ಸೋಲಾಪುರದ ಭೈಯ್ಯಾ ಚೌಕದಲ್ಲಿ ಅವರ ಮನೆ ಈಗ ಸ್ಮಾರಕ.

ಬೆಥೂನನಿಗೆ ಇಲ್ಲದಿದ್ದ ಮೂರು ಸಂಗತಿ ಇಂದು ಚಿಕ್ಕ ಆಸ್ಪತ್ರೆಯ ಸಿಬ್ಬಂದಿಗೂ ಎಟುಕುತ್ತವೆ: ಗ್ಲೌಸ್, ಲಸಿಕೆ ಮತ್ತು ತಕ್ಷಣದ ಔಷಧ. ಸೋಂಕಿತ ರಕ್ತದ ಸೂಜಿ ಚುಚ್ಚಿದರೆ ಎಚ್‌ಐವಿ ತಗಲುವ ಸಾಧ್ಯತೆ 0.3 ಪ್ರತಿಶತ, ಹೆಪಟೈಟಿಸ್ ಸಿಗೆ ಹಳೆಯ ಅಂದಾಜಿನಂತೆ 1.8ರ ಸುಮಾರು, ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿಯದು 6ರಿಂದ 30. ಜನ ಹೆದರುವುದು ಮೊದಲನೆಯದಕ್ಕೆ, ಹೆದರಬೇಕಾದದ್ದು ಕೊನೆಯದಕ್ಕೆ. ಒಣಗಿದ ರಕ್ತದಲ್ಲೂ ಆ ವೈರಾಣು ವಾರದವರೆಗೆ ಬದುಕಬಲ್ಲದು. ಅದಕ್ಕೆ ಲಸಿಕೆ ಇದೆ: ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ ಮೂರು ಡೋಸು, ಆ ಬಳಿಕ ಒಂದೆರಡು ತಿಂಗಳಿಗೆ ಪ್ರತಿಕಾಯದ ಪರೀಕ್ಷೆ. ಇದು ವೈದ್ಯರಿಗಷ್ಟೇ ಸೀಮಿತವಾಗಬಾರದು, ಕಸ ಎತ್ತುವ ಮಾವಶಿಗೂ ಸಿಗಬೇಕು.

ಚುಚ್ಚಿಸಿಕೊಂಡವರು ಬೆರಳನ್ನು ಹಿಂಡಬಾರದು, ಬಾಯಿಗೆ ಹಾಕಬಾರದು, ಬ್ಲೀಚಿಂಗ್ ಸುರಿಯಬಾರದು. ಹರಿಯುವ ನೀರಿನಲ್ಲಿ ಸಾಬೂನಿನಿಂದ ತೊಳೆದು, ಕಣ್ಣಿಗೆ ಸಿಡಿದಿದ್ದರೆ ಶುದ್ಧ ನೀರಿನಿಂದ ತೊಳೆದು, ಕೂಡಲೇ ಮೇಲಿನವರಿಗೆ ತಿಳಿಸಬೇಕು. ಬೈಗುಳಕ್ಕೆ ಹೆದರಿ ಮುಚ್ಚಿಡುವವರೇ ಹೆಚ್ಚು, ಅದರಲ್ಲೂ ಗುತ್ತಿಗೆ ನೌಕರರು ಮತ್ತು ನರ್ಸಿಂಗ್ ವಿದ್ಯಾರ್ಥಿನಿಯರು. ಎಚ್‌ಐವಿ ತಡೆಯುವ ಗುಳಿಗೆಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಗುತ್ತವೆ, 28 ದಿನ ತಪ್ಪದೆ ತೆಗೆದುಕೊಳ್ಳಬೇಕು. ಎರಡು ಗಂಟೆಯೊಳಗೆ ಶುರುವಾದರೆ ಉತ್ತಮ. 72 ಗಂಟೆ ಕಳೆದ ಮೇಲೆ ಅವನ್ನು ಕೊಡುವುದಿಲ್ಲ. ಹಾಗಾಗಿ ಸೂಜಿ ಚುಚ್ಚಿದ ಹೊತ್ತನ್ನು ಗಡಿಯಾರ ನೋಡಿ ಅಲ್ಲೇ ಬರೆದಿಟ್ಟುಕೊಳ್ಳಿ.